ಗೌರಮ್ಮನವರ ಹಂಡೆ

ಸಂಶೋಧನೆಗೆಂದು ಮಾಗಡಿಗೆ ಹೋಗಿದ್ದಾಗ ಗೌರಮ್ಮ ಎಂಬವರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಜೈಲಿನಿಂದ ಹೊರಬಂದ ಕಳ್ಳರನ್ನು ಮಾತಾಡಿಸಿ, ಕದ್ದ ಮಾಲು ಯಾರ ಮನೆ ಸೇರುತ್ತದೆಂದು ತಿಳಿಯುವುದು ನನ್ನ ಕೆಲಸ. ಒಂದು ಬೆಳಿಗ್ಗೆ ನೋಡಿದರೆ ನಮ್ಮ ಬಚ್ಚಲಿನ ತಾಮ್ರದ ಹಂಡೆಯೇ ಮಾಯವಾಗಿತ್ತು.

"ನಿನ್ ಕಳ್ರಿಗೆ ಹೇಳವ್ವ. ಹಂಡೆ ಬರ್ಬೇಕು, ಇಲ್ಲಾ ನೀನು ಕೋಣೆ ಖಾಲಿ ಮಾಡ್ಬೇಕು" ಎಂದರು ಗೌರಮ್ಮ.

ಬೀದರಿನಿಂದ ಒಬ್ಬಳೇ ಬಂದವಳಿಗೆ ಆ ಊರಲ್ಲಿ ಬೇರೆ ಯಾರೂ ಮನೆ ಕೊಡುತ್ತಿರಲಿಲ್ಲ. ಕೋಣೆ ಹೋದರೆ ಸಂಶೋಧನೆಯೂ ಹೋದಂತೆಯೇ. ಅಂದು ನಾನು ಮಾತಾಡಿಸಬೇಕಿದ್ದ ಹಳೆಯ ಕಳ್ಳ ಸಿದ್ದಯ್ಯನ ಮುಂದೆ ಗೋಳು ತೋಡಿಕೊಂಡೆ.

"ನಾನು ಆ ಕಸುಬು ಬುಟ್ಬುಟ್ಟಿವ್ನಿ ಕಣವ್ವ. ಆದ್ರೂ ಒಸಿ ವಿಚಾರಿಸ್ತೀನಿ" ಎಂದ.

ಮಾರನೆಯ ದಿನ ಬಾಗಿಲು ತೆರೆದರೆ ಜಗಲಿಯ ಮೇಲೆ ಹಂಡೆ ಕೂತಿತ್ತು. ಗೌರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಂಠದ ಮೇಲೆ ಕನಕಪುರದ ಯಾರದೋ ಹೆಸರು ಕೊರೆದಿತ್ತು.

"ಇದು ನಮ್ದಲ್ಲ. ನಮ್ದು ಇಷ್ಟು ದಪ್ಪ ಇರ್ನಿಲ್ಲ."

"ಹಾಗಾದರೆ ಪೊಲೀಸರಿಗೆ ಒಪ್ಪಿಸೋಣ ಗೌರಮ್ಮನವರೇ."

"ಒಪ್ಪಿಸಿದ್ರೆ ಪೇದೆ ಹೆಂಡ್ತಿ ಇದ್ರಲ್ಲಿ ನೀರು ಕಾಯಿಸ್ಕೋತಾಳೆ. ಕನಕಪುರದೋರಿಗೆ ನಮ್ದು ಸಿಕ್ಕಿರ್ತದೆ, ಬುಡು."

ಅಷ್ಟು ಹೇಳಿ ಹಂಡೆಯನ್ನು ಬಚ್ಚಲೊಲೆಯ ಮೇಲೆ ಕೂರಿಸಿದರು. ನನ್ನ ಕೋಣೆ ಉಳಿಯಿತು.

ಕದ್ದ ಮಾಲನ್ನು ಮನೆಯಲ್ಲಿಟ್ಟುಕೊಳ್ಳುವವರ ಬಗ್ಗೆ ನಾನು ಬರೆದ ಅಧ್ಯಾಯವನ್ನು ಪರೀಕ್ಷಕರು ಬಹಳ ಮೆಚ್ಚಿದರು. ಲೇಖಕಿ ಇಂಥ ಮನೆಗಳನ್ನು ತೀರ ಹತ್ತಿರದಿಂದ ಕಂಡಿದ್ದಾರೆ ಎಂದು ಹೊಗಳಿದರು. ಆ ಅಧ್ಯಾಯ ಮುಗಿಯುವವರೆಗೆ ನಾನು ದಿನಾ ಆ ಹಂಡೆಯಿಂದಲೇ ಅಭ್ಯಂಜನಕ್ಕೆ ಸಾಕಾಗುವಷ್ಟು ಬಿಸಿನೀರು ಹಾಕಿಕೊಂಡಿದ್ದು ಅವರಿಗೇನು ಗೊತ್ತು.