ಅಕ್ಕಯಮ್ಮನ ಕಿವಿಗೆ ಬಿದ್ದದ್ದು

ಬೈರಕೂರಿನ ಹಾಲಿನ ಡೈರಿಯ ಪಕ್ಕದಲ್ಲಿ, ಬಸ್ಸು ನಿಲ್ಲುವ ಹುಣಸೆಮರದ ಕೆಳಗೆ ಅಕ್ಕಯಮ್ಮನ ಇಡ್ಲಿ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೆ ತೆಂಗಿನ ಗರಿ, ಮುಂದೆ ಒಂದು ಉದ್ದನೆ ಬೆಂಚು, ಅಷ್ಟೆ. ಬೆಳಗ್ಗೆ ಹಾಲು ಹಾಕಿ ಬಂದು ಆ ಬೆಂಚಿನ ಮೇಲೆ ಕೂತವರು ಬಿಸಿಲು ನೆತ್ತಿಗೆ ಬರುವ ತನಕ ಏಳುತ್ತಿರಲಿಲ್ಲ. ಅಷ್ಟು ಹೊತ್ತು ಕೂತು ಅವರು ಮಾಡುತ್ತಿದ್ದ ಘನಕಾರ್ಯ ವಾದ. ಎಪ್ಪತ್ತೆಂಟರ ಮದುವೆಕಾಲ ಕಳೆದ ಮೇಲಂತೂ ವಾದದ ವಿಷಯವೂ ಒಂದೇ ಆಗಿಹೋಯಿತು: ಕದಿರೇಶನನ್ನು ತಾಯಲೂರಿಗೆ ಕೊಟ್ಟು, ಅಲ್ಲಿಂದ ಅಶ್ವತ್ಥಪ್ಪನನ್ನು ತಂದುಕೊಂಡದ್ದರಲ್ಲಿ ನಮ್ಮ ಕಬಡ್ಡಿ ಟೀಮಿಗೆ ಲಾಭವೋ ನಷ್ಟವೋ?

ಕದಿರೇಶ ಅಕ್ಕಯಮ್ಮನ ಕಿರಿಮಗ. ಅವನ ಲಾಭನಷ್ಟವನ್ನು ಊರವರು ಅವಳ ಮುಂದೆಯೇ ತೂಗುತ್ತಿದ್ದರು. ಅವಳು ಚಟ್ನಿ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು.

ಗಂಡುಮಕ್ಕಳಿಲ್ಲದ ಮನೆಯವರು ಅಳಿಯನನ್ನೇ ಮಗನಂತೆ ತಂದಿಟ್ಟುಕೊಳ್ಳುವುದು ಆ ಸೀಮೆಯಲ್ಲಿ ಹೊಸದಲ್ಲ. ಇಲ್ಲಟಂ ಎನ್ನುತ್ತಾರೆ. ಬೈರಕೂರಿನ ದೊಡ್ಡವೆಂಕಟಪ್ಪನಿಗೆ ಭಾರತಮ್ಮ ಒಬ್ಬಳೇ ಮಗಳು. ತಾಯಲೂರಿನ ಗಂಗುಲಪ್ಪನಿಗೂ ಇದ್ದವಳು ಒಬ್ಬಳೇ. ಇಬ್ಬರೂ ತಂತಮ್ಮ ಊರಿನ ಕಬಡ್ಡಿ ಟೀಮಿಗೆ ಯಜಮಾನರು. ತಾಲ್ಲೂಕಿನ ಪಂದ್ಯದಲ್ಲಿ ಊರಲ್ಲಿ ವಾಸವಿರುವವರೇ ಆಡಬೇಕೆಂಬ ನಿಯಮವಿದ್ದದ್ದರಿಂದ, ಅಳಿಯನನ್ನು ಹುಡುಕುವಾಗ ಇಬ್ಬರ ಕಣ್ಣೂ ಅವನ ಜಮೀನಿಗಿಂತ ಮೊದಲು ಅವನ ತೊಡೆಯ ಮೇಲೆ ಬೀಳುತ್ತಿತ್ತು. ಕದಿರೇಶ ಭಾರತಮ್ಮನಿಗೆ ಅಣ್ಣನ ವರಸೆ, ಅಳಿಯನಾಗಲು ಬರುವುದಿಲ್ಲ. ಗಂಗುಲಪ್ಪ ಅವನನ್ನು ತನ್ನ ಮಗಳಿಗೆ ಕೇಳಿದ. 'ಹಂಗಾದ್ರೆ ನಿಮ್ಮ ಅಶ್ವತ್ಥಪ್ಪನ್ನ ನಮಗೆ ಕೊಡ್ಸಿ' ಎಂದ ದೊಡ್ಡವೆಂಕಟಪ್ಪ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಜನ ಅವರು. ಎರಡು ಮದುವೆಗಳನ್ನೂ ಹಾಗೆಯೇ ಕುದುರಿಸಿದರೆಂದು ಊರು ನಗಾಡಿತು. ಅಕ್ಕಯಮ್ಮ ಗಂಡ ಸತ್ತವಳು. ಹಿರಿಮಗನ ಸಂಸಾರವೇ ಮನೆ ತುಂಬ ಇತ್ತು. ತಾಯಲೂರಿನಲ್ಲಿ ಕೆರೆಯ ಕೆಳಗಿನ ಗದ್ದೆ ಕದಿರೇಶನಿಗೆ ಸಿಗುತ್ತದೆ ಎಂದಾಗ ಬೇಡ ಎನ್ನುವ ಬಾಯಿ ಅವಳಿಗೆ ಬರಲಿಲ್ಲ. ಒಪ್ಪಿಕೊಂಡಳು, ಆಮೇಲೆ ಒಲೆಯ ಮುಂದೆ ಕೂತು ಚೆನ್ನಾಗಿ ಅತ್ತಳು.

"ಕರೆಯೋ ಹಸು ಕೊಟ್ಟು ಗೊಡ್ಡು ಹಿಡ್ಕೊಂಡ್ ಬಂದವ್ರೆ ಕಣಯ್ಯ" ಎನ್ನುವನು ಪೆದ್ದಪ್ಪ. ಅವನು ಹಿಂದೊಮ್ಮೆ ಕಬಡ್ಡಿ ಆಡಿ ಹಲ್ಲು ಮುರಿಸಿಕೊಂಡವನು, ಆ ಹಲ್ಲಿನ ಮೇಲೆಯೇ ಅಧಿಕಾರ ಚಲಾಯಿಸುತ್ತಿದ್ದ. "ಒಂದು ರೈಡಾದ್ರೂ ನೆಟ್ಟಗೆ ಹೋಗ್ತಾನೇನಯ್ಯ ಆ ತಾಯಲೂರೋನು?"

"ರೈಡಿಗೆ ತಂದಿದ್ದಲ್ಲಪ್ಪ, ಕ್ಯಾಚಿಗೆ ತಂದಿದ್ದು. ಅವನು ಹಿಡಿದ್ರೆ ಉಡ ಹಿಡ್ದಂಗೆ" ಎನ್ನುವನು ಡೈರಿ ಸೆಕ್ರೆಟರಿ ಕೋದಂಡರಾಮಪ್ಪ.

"ಹಿಡ್ಕೊಂಡು ಏನ್ ಮಾಡ್ತೀಯ, ಪೂಜೆ ಮಾಡ್ತೀಯ? ಪಾಯಿಂಟು ತರೋನ್ ಬೇಕಯ್ಯ!"

ಅಕ್ಕಯಮ್ಮ ಪೆದ್ದಪ್ಪನ ಪಕ್ಷ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅವನ ತಟ್ಟೆಗೆ ಚಟ್ನಿ ಗಟ್ಟಿಯಾಗಿ ಬೀಳುತ್ತಿತ್ತು. ಅಶ್ವತ್ಥಪ್ಪ ಬಂದರೆ ಎಲ್ಲರದ್ದೂ ಆದ ಮೇಲೆ ಅವನಿಗೆ. ಆ ಮನುಷ್ಯನೋ, ಮಾತಿನಲ್ಲಿ ಬಹಳ ನಿಧಾನ. ಕೇಳಿದ್ದಕ್ಕೆ ಉತ್ತರ ಕೊಡುವಷ್ಟರಲ್ಲಿ ಕೇಳಿದವನು ಎದ್ದು ಹೋಗಿರುತ್ತಿದ್ದ. "ಅತ್ತೆ, ಇನ್ನೊಂದು ಇಡ್ಲಿ" ಎಂಬುದನ್ನು ಬಿಟ್ಟು ಅವಳು ಅವನ ಬಾಯಿಂದ ಬೇರೆ ಮಾತು ಕೇಳಿದ್ದಿಲ್ಲ. ಇವನ ಜಾಗದಲ್ಲಿ ನನ್ನ ಮಗ ಕೂತಿರಬೇಕಿತ್ತು ಎಂದುಕೊಂಡು ಅವಳು ಆ ಇನ್ನೊಂದು ಇಡ್ಲಿಯನ್ನು ತಟ್ಟೆಗೆ ಕುಕ್ಕುತ್ತಿದ್ದಳು.

ಮಗನ ಆಟವನ್ನು ಅವಳಷ್ಟು ಬಲ್ಲವರು ಊರಲ್ಲಿರಲಿಲ್ಲ. ರೈಡಿಗೆ ಹೋದವನು 'ಕಬಡ್ಡಿ ಕಬಡ್ಡಿ' ಎನ್ನುತ್ತ ಒಂದೇ ದಮ್ಮಿನಲ್ಲಿ ಎದುರಾಳಿಯನ್ನು ಮುಟ್ಟಿ ಗೆರೆಗೆ ವಾಪಸು ಬರಬೇಕು, ನಡುವೆ ದಮ್ಮು ಕಡಿದರೆ ಔಟು. ಚಿಕ್ಕವನಿದ್ದಾಗ ಕದಿರೇಶ ಈ ದಮ್ಮನ್ನು ಸಾಧಿಸಿದ್ದು ಅವಳ ಒಲೆಯ ಪಕ್ಕದಲ್ಲೇ. ಅವಳು ತಟ್ಟೆಗಳಿಗೆ ಹಿಟ್ಟು ಹುಯ್ಯಲು ಶುರುಮಾಡಿದರೆ ಅವನು ಕಬಡ್ಡಿ ಶುರುಮಾಡುವನು, ಕೊನೆಯ ಗುಳಿ ತುಂಬುವ ತನಕ ನಿಲ್ಲಿಸಬಾರದು. ಎಷ್ಟು ಗದ್ದಲದಲ್ಲೂ ಅವನ ಉಸಿರು ಅವಳಿಗೆ ಬೇರೆಯಾಗಿ ಕೇಳಿಸುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಮುಳಬಾಗಿಲಿನಲ್ಲಿ ಪಂದ್ಯ ನಡೆಯಿತು. ಕೊನೆಯ ಆಟಕ್ಕೆ ಉಳಿದದ್ದು ಬೈರಕೂರು, ತಾಯಲೂರು. ಊರಿಗೆ ಊರೇ ಲಾರಿ ಹತ್ತಿತು. ಅಕ್ಕಯಮ್ಮ ಇಡ್ಲಿ ಕುಕ್ಕೆ ಹೊತ್ತುಕೊಂಡು ಹೋಗಿ ಅಂಕಣದ ಪಕ್ಕದ ಸುಣ್ಣದ ಗೆರೆಗೆ ತಾಗಿಕೊಂಡೇ ಕೂತಳು. ವ್ಯಾಪಾರ ನೆಪ. ಊರು ಗೆಲ್ಲಲಿ ಎಂದು ಹೊರಟವಳಿಗೆ, ಮಗ ತಾಯಲೂರಿನ ಕೆಂಪು ಬನಿಯನ್ನು ತೊಟ್ಟು ನೆಲ ಮುಟ್ಟಿ ನಮಸ್ಕಾರ ಮಾಡಿದ್ದನ್ನು ಕಂಡದ್ದೇ ಯಾರು ಗೆಲ್ಲಬೇಕೆಂಬುದು ಮರೆತುಹೋಯಿತು. ಇಡ್ಲಿ ಕೇಳಿದವರನ್ನು ಗದರಿಸಿ ಕಳಿಸಿದಳು.

ಕೊನೆಗೆ ಎರಡೂ ಕಡೆ ಪಾಯಿಂಟು ಸಮ. ಬೈರಕೂರಿನ ಕಡೆ ಔಟಾಗದೆ ಉಳಿದವನು ಅಶ್ವತ್ಥಪ್ಪನೊಬ್ಬ. ರೈಡಿಗೆ ಬಂದವನು ಕದಿರೇಶ. ಇದೇ ಕಡೆಯ ರೈಡು.

ಕದಿರೇಶ ಎಡಕ್ಕೆ ಆಡಿದ, ಬಲಕ್ಕೆ ಆಡಿದ, ನೆಗೆದು ಅಶ್ವತ್ಥಪ್ಪನ ಭುಜ ಮುಟ್ಟಿ ತಿರುಗಿದ. ತಿರುಗಿದ ಕಾಲು ಅಶ್ವತ್ಥಪ್ಪನ ಕೈಗೆ ಸಿಕ್ಕಿತು. ಇಬ್ಬರೂ ದೊಪ್ಪನೆ ಬಿದ್ದದ್ದು ಅಕ್ಕಯಮ್ಮನ ಕುಕ್ಕೆಯ ಎದುರಿಗೇ. ಕದಿರೇಶ ನಡುಗೆರೆಯ ಕಡೆಗೆ ತೆವಳುತ್ತಿದ್ದ, ಕಾಲು ಹಿಂದಕ್ಕೆ ಹೊರಳಿತ್ತು. ಸುತ್ತ ಶಿಳ್ಳೆ, ತಮಟೆ, ಸಾವಿರ ಬಾಯಿಯ ಕೂಗು. ಅದರ ನಡುವೆ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಕಬಡ್ಡಿ ಕಡಿದು ಮಗ ಕೂಗಿದ:

"ಅಮ್ಮಾ!"

ಅಶ್ವತ್ಥಪ್ಪ ಕೈ ಬಿಟ್ಟ. ದಮ್ಮು ಕಡಿದ ಮೇಲೆ ಹಿಡಿದುಕೊಳ್ಳುವುದು ಯಾತಕ್ಕೆ? ಅವನು ಎದ್ದು ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತಿದ್ದಾಗ ಕದಿರೇಶ ಮತ್ತೆ 'ಕಬಡ್ಡಿ' ಎನ್ನುತ್ತ ಕೈ ಚಾಚಿ ಗೆರೆ ಮುಟ್ಟಿದ. ಅಂಪೈರು ನಿಂತಿದ್ದದ್ದು ಆಚೆ ಬದಿಯಲ್ಲಿ. ಪೀಪಿ ಊದಿ ತಾಯಲೂರಿನ ಕಡೆಗೆ ಕೈ ಎತ್ತಿದ.

"ದಮ್ಮು ಕಡ್ದಿತ್ತು ಸಾರ್" ಎಂದ ಅಶ್ವತ್ಥಪ್ಪ, ತನ್ನ ಎಂದಿನ ನಿಧಾನದಲ್ಲಿ. ಅಷ್ಟರಲ್ಲಿ ತಾಯಲೂರಿನವರು ಅಂಕಣಕ್ಕೆ ನುಗ್ಗಿ ಕದಿರೇಶನನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು. ಹೆಗಲ ಮೇಲಿಂದ ಅವನು ಅಮ್ಮನನ್ನು ನೋಡಿದ. ನೋಡಿ, ಮುಖ ತಿರುಗಿಸಿಕೊಂಡ. ದಮ್ಮು ಕಡಿದದ್ದು ಇವನಿಗೂ ಗೊತ್ತು ಎಂದು ಅವಳಿಗೆ ಆಗಲೇ ಗೊತ್ತಾಯಿತು.

ವಾಪಸು ಬರುವಾಗ ಲಾರಿಯಲ್ಲಿ ಪೆದ್ದಪ್ಪನ ಬಾಯಿಗೆ ಬೀಗ ಹಾಕುವವರೇ ಇರಲಿಲ್ಲ. ಸಿಟ್ಟು ಬಂದರೆ ಅವನಿಗೆ ತೆಲುಗೇ ಬರುವುದು. "ಪೋಯಿಂದಿ! ಅಂತಾ ಪೋಯಿಂದಿ!" ಎಲ್ಲ ಹೋಯಿತೆಂದು ಹಣೆ ಚಚ್ಚಿಕೊಂಡ. "ಹುಟ್ಟಿದೂರಿಗೆ ಆಟ ಬಿಟ್ಕೊಟ್ಟ ಕಣ್ರೋ! ಕೈಗೆ ಸಿಕ್ಕಿದ್ ಕಾಲ್ನ ಯಾವನಾದ್ರೂ ಬಿಡ್ತಾನಾ?" ಅಶ್ವತ್ಥಪ್ಪನ ಪಕ್ಷದ ಕೋದಂಡರಾಮಪ್ಪನೂ ತಲೆ ತಗ್ಗಿಸಿ ಕೂತಿದ್ದ. ದಮ್ಮು ಕಡಿದದ್ದು ಯಾರಿಗೂ ಕೇಳಿಸಿರಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಎಂದು ನಕ್ಕರು. ಅಕ್ಕಯಮ್ಮ ಖಾಲಿಯಾಗದ ಕುಕ್ಕೆಯನ್ನು ತಬ್ಬಿಕೊಂಡು ಕೂತಿದ್ದಳು.

ಸಂಜೆ ಒರಳಿನ ಮುಂದೆ ಕೂತು ಹಿಟ್ಟು ರುಬ್ಬುವಾಗಲೂ ತಲೆಯಲ್ಲಿ ಅದೇ. ಹೇಳಿದರೆ ಮಗ ಕಳ್ಳ. ಬೀಗರ ಮನೆಯಲ್ಲಿ, ಹೆಂಡತಿಯ ಮುಂದೆ, ಇಡೀ ತಾಯಲೂರಿನ ಮುಂದೆ ಕಳ್ಳ. ಹೇಳದಿದ್ದರೆ ಯಾರೋ ಹೆತ್ತ ಮಗ ಊರುದ್ರೋಹಿ. ತಾನೇನು ಅಂಪೈರೇ, ತನ್ನನ್ನು ಕೇಳಿದವರು ಯಾರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ರುಬ್ಬಿದ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಳು.

ಬೆಳಗ್ಗೆ ಬೆಂಚು ತುಂಬಿತು. ಎಂದಿನ ಗಲಾಟೆ ಇಲ್ಲ. ಸುದ್ದಿ ಆಗಲೇ ಬಂದಿತ್ತು. ದೊಡ್ಡವೆಂಕಟಪ್ಪ ಅಳಿಯನಿಗೆ, "ಊರಿಗೆ ದ್ರೋಹ ಮಾಡ್ದೋನು ನನ್ ಮನೇಲಿ ಅನ್ನ ತಿನ್ನೋದ್ ಬೇಡ" ಎಂದುಬಿಟ್ಟಿದ್ದನಂತೆ. ಮನೆಅಳಿಯನಿಗೆ ಅನ್ನದ ಮಾತು ಆಡಿದ ಮೇಲೆ ಇನ್ನೇನು ಉಳಿಯಿತು? ಭಾರತಮ್ಮ ತುಂಬಿದ ಬಸುರಿ, ಬಾಗಿಲು ಹಿಡಿದುಕೊಂಡು ಅಳುತ್ತಿದ್ದಳಂತೆ.

ಅಶ್ವತ್ಥಪ್ಪ ಕೈಚೀಲ ಹಿಡಿದು ಬಂದು ಹುಣಸೆಮರದ ಆಚೆ ಬದಿಗೆ ನಿಂತ. ಹಿಂದೆಯೇ ದೊಡ್ಡವೆಂಕಟಪ್ಪನೂ ಬಂದ. ಹೋಗುತ್ತಾನೋ ಇಲ್ಲವೋ ನೋಡಲು ಬಂದನೋ, ತಡೆಯಲು ಬಂದನೋ, ಅವನಿಗೇ ತಿಳಿದಿರಲಿಲ್ಲ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದಿಣ್ಣೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

"ಹೋಗ್ಲಿ ಬಿಡು. ಪೀಡೆ ತೊಲಗ್ತು" ಎಂದ ಪೆದ್ದಪ್ಪ. "ಅಕ್ಕಯಮ್ಮ, ಇನ್ನೆರಡು ಹಾಕು. ಏನೇ ಅನ್ನು, ನಿನ್ ಮಗ ಹುಲಿ ಕಣಮ್ಮ."

ಹುಲಿ ಎಂಬ ಆ ಮಾತನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಕೈಯಲ್ಲಿದ್ದ ಇಡ್ಲಿ ತಟ್ಟೆಯನ್ನು ಒಲೆಯ ಕಟ್ಟೆಯ ಮೇಲೆ ಕುಕ್ಕಿದಳು.

"ನನ್ ಮಗನ ದಮ್ಮು ಕಡ್ದಿತ್ತು."

"ಏನಂದೆ?"

"ಕಾಲು ಹೊರಳ್ತು. ಕಬಡ್ಡಿ ಬಿಟ್ಟು ಅಮ್ಮಾ ಅಂದ. ನನ್ ಕಿವಿಯಾರೆ ಕೇಳ್ದೆ. ಅದಕ್ಕೇ ಇವರು ಕೈ ಬಿಟ್ಟಿದ್ದು. ಸೋತಿದ್ದು ನನ್ ಮಗ." ಅವಳು ದೊಡ್ಡವೆಂಕಟಪ್ಪನ ಕಡೆಗೆ ತಿರುಗಿದಳು. "ದೊಡ್ಡವೆಂಕಟಪ್ಪನೋರೇ, ನಿಮ್ ಅಳಿಯಂದ್ರನ್ನ ಮನೆಗೆ ಕರ್ಕೊಂಡ್ ಹೋಗಿ. ಹೋಗೋಕ್ ಮುಂಚೆ ಇಲ್ಲಿ ಕೂರ್ಸಿ. ಅವರಿಗೆ ಮೊದ್ಲು ಹಾಕ್ತೀನಿ."

ಬಸ್ಸು ಬಂತು, ನಿಂತಿತು. ಕಂಡಕ್ಟರು ಎರಡು ಸಲ ಕೂಗಿದ. ಯಾರೂ ಹತ್ತದಿದ್ದದ್ದನ್ನು ನೋಡಿ ರೈಟ್ ಎಂದ. ದೊಡ್ಡವೆಂಕಟಪ್ಪ ಬಂದು ಅಳಿಯನ ಕೈಚೀಲವನ್ನು ತೆಗೆದುಕೊಂಡ, ಆ ಚೀಲವನ್ನೇ ತಿರುಗಿಸಿ ಮುರುಗಿಸಿ ನೋಡುತ್ತ ನಿಂತ. ಪೆದ್ದಪ್ಪ ಇಡ್ಲಿ ಬಾಯಿಗಿಟ್ಟುಕೊಂಡು, "ಉಪ್ಪೇ ಇಲ್ಲ" ಎಂದು ಗೊಣಗಿದ. ಅಂದು ಅವನು ಆಡಿದ ಕೊನೆಯ ಮಾತು ಅದೇ.

ಮಾತು ತಾಯಲೂರಿಗೆ ಹೋಗಲು ಎಷ್ಟು ಹೊತ್ತು ಬೇಕು? ಪಂದ್ಯದಲ್ಲಿ ಗೆದ್ದ ಕಪ್ಪು ಅಲ್ಲೇ ಉಳಿಯಿತು, ಕದಿರೇಶನ ಮರ್ಯಾದೆ ಉಳಿಯಲಿಲ್ಲ. ಅಲ್ಲಿನ ಹುಡುಗರು ಅವನನ್ನು ಕಂಡರೆ "ಅಮ್ಮಾ ಕಬಡ್ಡಿ" ಎಂದು ಕೂಗಿ ಓಡುತ್ತಿದ್ದರಂತೆ. ಯುಗಾದಿಗೆ ಅವನು ಬರಲಿಲ್ಲ. ಅಕ್ಕಯಮ್ಮ ಒಬ್ಬಟ್ಟು ಎತ್ತಿಟ್ಟು, ಮೂರನೆಯ ದಿನ ದನಕ್ಕೆ ಹಾಕಿದಳು. ಡೈರಿಯ ಮುಂದೆ ವಾದ ಮತ್ತೆ ಶುರುವಾಗಿತ್ತು. ಈಗ ಗಟ್ಟಿ ಚಟ್ನಿ ಎಲ್ಲರಿಗೂ ಸಮನಾಗಿ ಬೀಳುತ್ತಿತ್ತು. ನೀನೇನಂತೀಯ ಎಂದು ಕೇಳಿದರೆ ಮಾತ್ರ ಒಲೆ ಊದಲು ತಿರುಗಿಬಿಡುತ್ತಿದ್ದಳು.

ಮಾವಿನ ಕಾಲ ಮುಗಿದು ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಬಸ್ಸಿನಿಂದ ಕದಿರೇಶ ಇಳಿದ. ಕಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಬೆಂಚಿನ ಮೇಲಿದ್ದವರು ಅರ್ಧಕ್ಕೇ ಮಾತು ನಿಲ್ಲಿಸಿದರು. ಅಶ್ವತ್ಥಪ್ಪ ತುದಿಯಲ್ಲಿ ಕೂತಿದ್ದ. ಕದಿರೇಶ ಯಾರನ್ನೂ ನೋಡದೆ ನೇರ ಒಲೆಯ ಹತ್ತಿರ ಹೋಗಿ ನಿಂತ.

"ಯಾಕಮ್ಮಾ ಹೇಳ್ದೆ?" ಅವನ ಕಣ್ಣು ತುಂಬಿತ್ತು. "ಅಷ್ಟು ಜನದಲ್ಲಿ ಯಾರಿಗೂ ಕೇಳ್ಸಿರ್ಲಿಲ್ಲ. ನಾನ್ ನಿನ್ ಮಗ ಅಲ್ವಾ?"

ಅಕ್ಕಯಮ್ಮ ಸೌಟು ಕೆಳಗಿಟ್ಟಳು.

"ನೀನ್ ಕೂಗಿದ್ದು ನನ್ನನ್ನ ಕಣೋ. ಕೂಗಿಸ್ಕೊಂಡು, ಕೇಳ್ಲಿಲ್ಲ ಅಂತ ನಾನ್ ಹೆಂಗೋ ಹೇಳ್ಲಿ?"

ಕದಿರೇಶ ಕಣ್ಣು ಒರೆಸಿಕೊಂಡು ಹೊರಗೆ ಬಂದ. ಅಶ್ವತ್ಥಪ್ಪ ನಿಧಾನವಾಗಿ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಬಿಟ್ಟ.