ಎರಡು ಸೆಂಟು ಮಳೆ ಎರಡು ಇಂಚಾದದ್ದು

ನಾನು ಬರೆದ ಪುಟವೊಂದನ್ನು ನನಗೆ ಒಂದು ಮಾತೂ ಹೇಳದೆ ತೆಗೆದುಹಾಕಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ಟೆಲಿಫೋನ್ ಉಪಕರಣಗಳ ಕಾರ್ಖಾನೆಯೊಂದರಲ್ಲಿ ಕೈಪಿಡಿ ಬರೆಯುವ ವಿಭಾಗದಲ್ಲಿದ್ದು ನಿವೃತ್ತಳಾದವಳು ನಾನು. ಬೆಳಗಿನ ಸೈರನ್ ಕೂಗುವ ಮೊದಲೇ ಅಲ್ಲಿ ಪೆನ್ಸಿಲ್ ಚೂಪಾಗಿರಬೇಕಿತ್ತು. ಯಂತ್ರದಲ್ಲಿ ತಿರುಗಿಸುವಂಥ ಒಂದೇ ಒಂದು ಸ್ಕ್ರೂ ಇದ್ದರೂ ಅದು ಯಾವ ಕಡೆಗೆ ತಿರುಗಿರಬೇಕು ಎಂದು ಬರೆಯದೆ ಪುಸ್ತಕ ಹೊರಗೆ ಹೋಗುವಂತಿರಲಿಲ್ಲ. ಈಗ ಹಾನುಬಾಳಿನಲ್ಲಿ ತಮ್ಮನ ಮನೆಯಲ್ಲಿದ್ದೇನೆ. ಹಾಸನದ ಒಂದು ಸಣ್ಣ ಕಂಪನಿ ಕಾಫಿ ಬೆಳೆಗಾರರಿಗೆ ಮಳೆ ಅಳೆಯುವ ಯಂತ್ರ ಮಾಡಿಕೊಡುತ್ತದೆ. ಅದರ ಕೈಪಿಡಿ ಬರೆದುಕೊಡುವವಳು ನಾನೇ.

ಮಾರ್ಚಿನ ಮಳೆಗೆ ನ್ಯಾಯವಿಲ್ಲ. ನಮ್ಮ ಅಂಗಳ ತೊಯ್ದ ದಿನವೇ ಹೆಗ್ಗದ್ದೆಯಲ್ಲಿರುವ ತಮ್ಮನ ರೋಬಸ್ಟಾ ಕಾಫಿ ತೋಟದಲ್ಲಿ ಧೂಳು ಏಳುತ್ತಿರಬಹುದು. ಮೊಗ್ಗು ಅರಳಿಸುವ ಹೂಮಳೆ ಒಂದು ಇಂಚಾದರೂ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಎರಡೂ ಆಗದಿದ್ದರೆ ಮೊಗ್ಗು ಗಿಡದಲ್ಲೇ ಒಣಗಿ ಮುಂದಿನ ಫಸಲು ಹೋದಂತೆಯೇ. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಹೆಗ್ಗದ್ದೆಯ ಮಳೆ ನೋಡಬಹುದೆಂದೇ ತಮ್ಮ ಆ ಯಂತ್ರ ಕೊಂಡಿದ್ದ.

ಯಂತ್ರದೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಒಂದೊಂದು ದಿನದ ಮಳೆಗೂ ಎರಡು ಬೈಟ್, ಅಂದರೆ ಎರಡು ಪುಟ್ಟ ಖಾನೆ. ಒಂದರಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟು. ನೂರು ಸೆಂಟು ಸೇರಿದರೆ ಒಂದು ಇಂಚು. ಯಾವ ಖಾನೆ ಮೊದಲು, ಯಾವುದು ಆಮೇಲೆ ಎಂಬುದನ್ನು ಮೆಮೊರಿ ಕಂಟ್ರೋಲರಿನ ಒಂದು ಸೆಟ್ಟಿಂಗ್ ತೀರ್ಮಾನಿಸುತ್ತದೆ. ಅದಕ್ಕೆ ಬೈಟ್ ಆರ್ಡರ್ ಎನ್ನುತ್ತಾರೆ. ಅದು ಹೇಗಿರಬೇಕು, ಬೋರ್ಡ್ ಬದಲಿಸಿದಾಗ ಹೇಗೆ ಪರೀಕ್ಷಿಸಬೇಕು ಎಂದು ಒಂದು ಪುಟ ಬರೆದು ಕಳಿಸಿದೆ. ಕಂಪನಿಯ ಎಂಜಿನಿಯರ್ ಫೋನಿನಲ್ಲಿ ನಕ್ಕ.

"ಅದನ್ನ ಯಾರೂ ಮುಟ್ಟಲ್ಲ ಮೇಡಂ. ಸರಿಯಾಗೇ ಬಂದಿರುತ್ತೆ. ಓದೋರಿಗೆ ಸುಮ್ನೆ ತಲೆನೋವು."

"ಹಾಗಾದ್ರೆ ಮುಟ್ಟಬೇಡಿ ಅಂತಾನೇ ಇರ್ಲಿ. ಪುಟ ಮಾತ್ರ ಇರಬೇಕು."

"ಆಯ್ತು ಮೇಡಂ" ಎಂದ. ಅಚ್ಚಾಗಿ ಬಂದ ಪುಸ್ತಕದಲ್ಲಿ ಪುಟ ಇರಲಿಲ್ಲ.

ಈ ವರ್ಷ ಮೊದಲ ಸಿಡಿಲಿಗೇ ಹೆಗ್ಗದ್ದೆಯ ಯಂತ್ರದ ಬೋರ್ಡ್ ಸುಟ್ಟುಹೋಯಿತು. ಕಂಪನಿಯ ರಿಪೇರಿಯವನು ಬಂದು ಹೊಸದು ಹಾಕಿ ಹೋದ. ಹೊಸ ಬೋರ್ಡಿನ ಕಂಟ್ರೋಲರ್ ಬೇರೆ ಕಡೆಯಿಂದ ತರಿಸಿದ್ದು, ಅದರ ಬೈಟ್ ಆರ್ಡರ್ ಉಲ್ಟಾ. ಅವನ ಕೈಯಲ್ಲಿದ್ದ ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲದ ಮೇಲೆ ಅವನಾದರೂ ಏನು ನೋಡಿಯಾನು?

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ತಮ್ಮ ಮೊಬೈಲ್ ಹಿಡಿದು ಅಡುಗೆಮನೆಗೇ ಬಂದ. "ಅಕ್ಕಾ, ಹೆಗ್ಗದ್ದೇಲಿ ಎರಡಿಂಚು ಹೊಡ್ದೈತೆ ಕಣಕ್ಕ. ಆಲೂರ್ ಭಾವ ಸ್ಪ್ರಿಂಕ್ಲರ್ ಪಂಪ್‌ಸೆಟ್ ಕೇಳ್ತಿದ್ನಲ್ಲ, ಪೈಪ್ ಸಮೇತ ತಗಂಡೋಗು ಅಂದ್ಬುಟ್ಟೆ." ಅಷ್ಟು ಹಗುರಾದ ಮುಖ ಅವನದು ನೋಡಿ ಬಹಳ ದಿನವಾಗಿತ್ತು.

ವಾರ ಕಳೆದು ಹೂ ನೋಡಲು ನಾನೂ ಅವನ ಜೊತೆ ಜೀಪಿನಲ್ಲಿ ಹೋದೆ. ತೋಟ ಬೆಳ್ಳಗಿರಬೇಕಿತ್ತು. ಕಾಲಿಟ್ಟಲ್ಲೆಲ್ಲ ತರಗೆಲೆ ಪುಡಿಯಾಗುತ್ತಿತ್ತು. ಮೊಗ್ಗು ಕೆಂಪಗೆ ಒಣಗಿ, ರೆಂಬೆ ತಾಗಿದರೆ ಉದುರುತ್ತಿತ್ತು. ಬಿದ್ದದ್ದು ಎರಡು ಸೆಂಟು, ಎಲೆಯ ಧೂಳು ತೊಳೆಯುವಷ್ಟು. ಸೆಂಟಿನ ಖಾನೆಯನ್ನು ಇಂಚೆಂದು ಓದಿ ಯಂತ್ರ ಎರಡು ಇಂಚು ಎಂದಿತ್ತು.

ಮಾರನೆಯ ದಿನ ಎಂಜಿನಿಯರ್ ತೋಟಕ್ಕೆ ಬಂದ.

"ಡಬ್ಬಿ ಬಿಚ್ಚೋದೇನೂ ಬೇಡ ಮೇಡಂ. ಬಂದ ಅಂಕೀನ ಆಫೀಸಿನ ಕಂಪ್ಯೂಟರಲ್ಲೇ ತಿರುಗಿಸ್ಕೊಳ್ತೀವಿ."

"ಮುಂದಿನ ಸಿಡಿಲಿಗೆ ಇನ್ನೊಂದು ಬೋರ್ಡ್ ಹಾಕ್ತೀರಿ. ಆಗ ಯಾವುದು ತಿರುಗಿದೆ, ಯಾವುದು ತಿರುಗಿಲ್ಲ ಅಂತ ಯಾರಿಗೆ ಗೊತ್ತಿರುತ್ತೆ? ಬಿಚ್ಚಿ."

ತಮ್ಮ ಫ್ಲಾಸ್ಕಿನಿಂದ ಅವನಿಗೆ ಕಾಫಿ ಬಗ್ಗಿಸುತ್ತಿದ್ದ. "ಹೋಗ್ಲಿ ಬಿಡಕ್ಕ, ಬೇಕೂಂತ ಮಾಡಿದ್ದಲ್ಲ. ಕುಡೀರಿ ಸಾರ್."

"ಕಾಫಿ ಆಮೇಲೆ" ಎಂದೆ.

ಡಬ್ಬಿ ಬಿಚ್ಚಿ, ಲ್ಯಾಪ್‌ಟಾಪ್ ಜೋಡಿಸಿ ಅವನು ಸೆಟ್ಟಿಂಗ್ ಬದಲಿಸಿದ. ಬಾಯಿಮಾತಿನಲ್ಲಿ ಒಪ್ಪುವವಳಲ್ಲ ನಾನು. ಎರಡು ಸೆಂಟಿಗಾಗುವಷ್ಟೇ ನೀರು ಅಳೆದು ಯಂತ್ರದ ಬಾಯಿಗೆ ಹೊಯ್ಯಿಸಿದೆ. ತಮ್ಮ ಮೊಬೈಲ್ ನೋಡಿ ಓದಿದ: "ಇಂಚು ಸೊನ್ನೆ, ಸೆಂಟು ಎರಡು. ಸರೋಯ್ತಲ್ಲ, ಇನ್ನಾದ್ರೂ ಸಮಾಧಾನ ಮಾಡ್ಕೊ ಮಾರಾಯ್ತಿ."

ಅವನ ಅಂಗಿಯ ತೋಳಿಗೆ ಒಣಮೊಗ್ಗು ಅಂಟಿಕೊಂಡಿತ್ತು. ತನ್ನ ಫಸಲು ಹೋಗಿರುವಾಗ ನನ್ನನ್ನು ಸಮಾಧಾನ ಮಾಡಲು ಬಂದಿದ್ದಾನೆ. ಎಂಜಿನಿಯರ್ ಮೇಲಿದ್ದಷ್ಟೇ ಸಿಟ್ಟು ಅವನ ಮೇಲೂ ಬಂತು.

"ಆ ಪುಟ ಇನ್ನೊಂದ್ಸಲ ಕಳಿಸಿ ಮೇಡಂ. ಹಿಂದುಗಡೆ ಅನುಬಂಧದಲ್ಲಿ ಸೇರಿಸ್ತೀನಿ" ಎಂದ ಎಂಜಿನಿಯರ್.

"ಅನುಬಂಧ ಅಲ್ಲ, ಮೊದಲನೇ ಪುಟ. ಆಗಲ್ಲ ಅಂದ್ರೆ ಮಿಕ್ಕಿದ್ದನ್ನೂ ನೀವೇ ಬರ್ಕೊಳಿ."

ಅವನು ನೆರವಿಗೆಂಬಂತೆ ತಮ್ಮನ ಕಡೆ ನೋಡಿದ. ತಮ್ಮ ತೋಳಿನ ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿ ಅಂಗೈಯಲ್ಲಿ ಹಾಕಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಅಕ್ಕ ಹೇಳ್ದಂಗೆ ಮಾಡಿ ಸಾರ್" ಎಂದ.