ಒಂದು ಕಂಬ, ಎರಡು ಆಂಟೆನಾ, ಇಟ್ಟೂಪ್ ಚೇಟನ್

"ಕರ್ತನೇ, ನಮ್ಮ ಮೊರೆ ಕೇಳು" ಎಂದು ಮೈಕಿನಲ್ಲಿ ಹೇಳಿ ಫಾದರ್ ಕಣ್ಣು ಮುಚ್ಚಿದರು. ಆ ಮೌನದಲ್ಲಿ ಧ್ವನಿವರ್ಧಕ ಬಾತುಕೋಳಿಯ ಹಾಗೆ ಕ್ವಾಕ್ ಕ್ವಾಕ್ ಎಂದಿತು. ತೃಶ್ಶೂರು ಬಳಿಯ ಒಲ್ಲೂರಿನ ಒಂದು ಫ್ಲ್ಯಾಟು ಕಟ್ಟಡದ ನೆಲಮಹಡಿಯಲ್ಲಿ ಪ್ರಾರ್ಥನೆಗೆ ಸೇರಿದ್ದ ನಲವತ್ತು ಮಂದಿಯೂ ಕಣ್ಣು ತೆರೆದರು. ಹಿಂದಿನ ಸಾಲಿನ ಕೊಚ್ಚುತ್ರೇಸ್ಯ ಮಾತ್ರ ತಲೆಯ ಮೇಲಿನ ಮುಸುಕನ್ನು ಮೂಗಿನವರೆಗೆ ಎಳೆದುಕೊಂಡರು. ಮೂವತ್ತಾರು ವರ್ಷ ಕೇಳಿದ ಗಂಡನ ಸ್ವರ, ಬಾತಿನ ಗಂಟಲಲ್ಲಿ ಬಂದರೆ ಗುರುತು ಸಿಗದೇ?

ಮೂರನೇ ಮಹಡಿಯಲ್ಲಿ ಅವರ ಗಂಡ ಇಟ್ಟೂಪ್, ಬಟ್ಟೆ ಒಣಹಾಕುವ ತಂತಿಯನ್ನೇ ಆಂಟೆನಾ ಮಾಡಿಕೊಂಡು ಹವ್ಯಾಸಿಗಳ ಹ್ಯಾಮ್ ರೇಡಿಯೊದಲ್ಲಿ ಕೋಯಿಕ್ಕೋಡಿನ ಗೆಳೆಯನನ್ನು ಕೂಗುತ್ತಿದ್ದರು. ಕೋಯಿಕ್ಕೋಡಿಗೆ ಮುಟ್ಟದ ದನಿ ಫಾದರ್‌ಗೆ ಮುಟ್ಟಿತ್ತು.

ಮರುದಿನ ಫ್ಲ್ಯಾಟುಗಳ ಸಂಘದ ಕಾರ್ಯದರ್ಶಿ ಲಾಸರ್ ಬಂದು ಕೂತ. "ಇಟ್ಟೂಪ್ ಚೇಟಾ, ತಾರಸಿ ಮೇಲೆ ಒಂದು ಕಂಬ ನೆಟ್ಕೊಳ್ಳಿ. ಅದರ ಮೇಲೆ ಒಂದೇ ಒಂದು ಆಂಟೆನಾ. ಇನ್ನೊಂದ್ಸಲ ಪ್ರಾರ್ಥನೆಗೆ ಬಾತು ಬಂತೋ, ಕ್ರಿಸ್ಮಸ್‌ಗೆ ಹುರಿದು ಬಡಿಸಿಬಿಡ್ತೀವಿ."

ಇಟ್ಟೂಪ್ ತಂತಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಕಟ್-ಕಡ ಎಂದು ಮೋರ್ಸ್ ಸಂಕೇತ ಕುಟ್ಟಿ ನಿವೃತ್ತರಾದವರು. ಇಲಾಖೆ ಹೋಯಿತು, ತಂತಿ ಉಳಿಯಿತು. ಹೆಣ್ಣು ನೋಡಲು ಹೋದ ದಿನ "ಒಪ್ಪಿಗೆ" ಎಂದು ಮೋರ್ಸ್‌ನಲ್ಲೇ ಚಮಚದಲ್ಲಿ ಲೋಟದ ಮೇಲೆ ಕುಟ್ಟಿದ್ದರಂತೆ. ಯಾರಿಗೂ ತಿಳಿಯದೆ ಇನ್ನೊಂದು ಲೋಟ ಚಹಾ ಬಂತು. ಅದರ ಮೇಲೂ ಕುಟ್ಟಿದರು. ನಾಲ್ಕನೇ ಲೋಟಕ್ಕೆ ಮಾವನೇ ಸೋತು ದಿನಾಂಕ ಗೊತ್ತುಮಾಡಿದರು.

ಅವರ ಬದುಕಿನಲ್ಲಿ ಪದವಿ ಎನ್ನಬಹುದಾದದ್ದು ಒಂದೇ. ದಿನವೂ ಬೆಳಿಗ್ಗೆ ಏಳಕ್ಕೆ ರೇಡಿಯೊದ ನಲವತ್ತು ಮೀಟರ್ ಬ್ಯಾಂಡಿನಲ್ಲಿ ಒಂಬತ್ತು ಮಂದಿ ಗೆಳೆಯರು ಸೇರುತ್ತಾರೆ. ಹಾಜರಿ ಕರೆಯುವವರು ಇಟ್ಟೂಪ್. ಹತ್ತೊಂಬತ್ತು ವರ್ಷದಿಂದ ಅದೇ ಅನುಕ್ರಮ. ಆದರೆ ತೋಟದ ಮನೆ ಬಿಟ್ಟು ಫ್ಲ್ಯಾಟಿಗೆ ಬಂದ ಮೇಲೆ ಅವರ ದನಿ ಸೊರಗಿತ್ತು. ಆ ಒಂಬತ್ತರಲ್ಲೊಬ್ಬರು, ಪಾಲಕ್ಕಾಡಿನ ಶಾಲೆ ಮೇಷ್ಟ್ರು ಗಂಗಾಧರನ್ ಮಾಷ್, ಅದನ್ನು ಫೋನಿನಲ್ಲಿ ಹೇಳಿದರು: "ಚೇಟಾ, ನೀವು ಕರೆಯೋದು ಆ ಲೋಕದಿಂದ ಕರೆದ ಹಾಗಿರುತ್ತೆ. ಭಾನುವಾರ ಸಭೆ ಇದೆಯಲ್ಲ, ಹಾಜರಿ ಪುಸ್ತಕ ನನಗೆ ಕೊಟ್ಟುಬಿಡಿ."

ಫೋನಿನಲ್ಲೇಕೆ? ರೇಡಿಯೊದಲ್ಲಿ ಹಾಗೆಲ್ಲ ಹೇಳುವ ಪದ್ಧತಿಯಿಲ್ಲ. ಹ್ಯಾಮಿಗೆ ಹ್ಯಾಮು ಕೊಡುವ ಅಂಕ ಐದು-ಒಂಬತ್ತು: ಮಾತು ಸ್ಪಷ್ಟ, ಸದ್ದು ಗಟ್ಟಿ. ಅದಕ್ಕಿಂತ ಕಡಿಮೆ ಕೊಡುವುದು ಮದುವೆ ಊಟದಲ್ಲಿ ಪಾಯಸ ಚೆನ್ನಾಗಿಲ್ಲ ಎಂದ ಹಾಗೆ. "ಐದು-ಒಂಬತ್ತು, ಗೆಳೆಯಾ. ನಿಮ್ಮ ಹೆಸರು, ಊರು, ಆಮೇಲೆ ಹೇಳಿದ್ದೆಲ್ಲ ಇನ್ನೊಮ್ಮೆ ಹೇಳಿ" ಎನ್ನುವುದು ಆ ಲೋಕದಲ್ಲಿ ಸಹಜ ಸಂಭಾಷಣೆ.

ಇಟ್ಟೂಪ್ ಎರಡು ಆಂಟೆನಾ ಎರವಲು ತಂದು, ಲಾಸರನ ಕೈಕಾಲು ಹಿಡಿದು, ಒಂದು ವಾರದ ಪರೀಕ್ಷೆಗೆ ತಾರಸಿಗೆ ಏರಿಸಿದರು. ಒಂದು, ಎಲ್ಲ ಬ್ಯಾಂಡಿಗೂ ನಾನೊಬ್ಬನೇ ಸಾಕು ಎಂದು ನೆಟ್ಟಗೆ ನಿಲ್ಲುವ ಕೋಲು. ಇನ್ನೊಂದು, ಬ್ಯಾಂಡಿಗೊಂದು ಉದ್ದದಂತೆ ಇಳಿಬಿಟ್ಟ ತಂತಿಗಳ ಗೊಂಚಲು. ಸೋಮವಾರ ಕೋಲಿನಲ್ಲಿ ಮಾತಾಡಿದರು. ಒಂಬತ್ತೂ ಜನ ಐದು-ಒಂಬತ್ತು ಎಂದರು. ಮಂಗಳವಾರ ತಂತಿಯಲ್ಲಿ ಮಾತಾಡಿದರು. ಒಂಬತ್ತೂ ಜನ ಐದು-ಒಂಬತ್ತು.

"ಯಾವುದು ಚೆನ್ನಾಗಿದೆ ಅಂತ ಒಬ್ಬನಾದ್ರೂ ಹೇಳ್ಬಾರ್ದಾ?" ಎಂದು ಗೊಣಗಿದರು.

"ನನ್ನ ಮೀನು ಸಾರಿಗೆ ನೀವು ಮೂವತ್ತಾರು ವರ್ಷದಿಂದ ಹೇಳ್ತಿರೋದೂ ಅದೇ ಅಲ್ವಾ ಮನುಷ್ಯಾ" ಎಂದರು ಕೊಚ್ಚುತ್ರೇಸ್ಯ.

ಬುಧವಾರ ತಂತಿಯನ್ನು ಒಂದಿಷ್ಟು ಮೇಲೆತ್ತಿ ಕಟ್ಟಿ, ಆಂಟೆನಾ ಬದಲಿಸುವ ಸ್ವಿಚ್ಚು ತಿರುಗಿಸಿ ಕೂತರು. ರೇಡಿಯೊದಲ್ಲಿ ಎಂಥ ನಿಶ್ಶಬ್ದ. ಲಿಫ್ಟಿನ ಗೊರಗೊರ ಇಲ್ಲ, ಪಕ್ಕದ ಮನೆಯ ಮಿಕ್ಸರಿನ ಕೊರೆತ ಇಲ್ಲ. ಇಂಥ ಶುದ್ಧ ಆಂಟೆನಾ ಇನ್ನೊಂದಿಲ್ಲ ಎಂದು ಹಿಗ್ಗಿದರು. ಹಾಜರಿ ಕರೆದರು. ಒಬ್ಬೊಬ್ಬರಿಗೂ ಎರಡು ನಿಮಿಷ ಬಿಟ್ಟರು. ಯಾರ ದನಿಯೂ ಬರಲಿಲ್ಲ. ಆದರೆ ಕೋಯಿಕ್ಕೋಡಿನ ಬೀರಾನ್ ಇಕ್ಕ ತಮ್ಮ ಮಂಡಿನೋವು ಹೇಳುತ್ತಾರೆ, ಮಾಷ್ ಮಳೆಯ ಲೆಕ್ಕ ಹೇಳುತ್ತಾರೆ ಎಂಬುದು ಹತ್ತೊಂಬತ್ತು ವರ್ಷದಿಂದ ಬಾಯಿಪಾಠ. "ಮಂಡಿಗೆ ಎಣ್ಣೆ ಹಚ್ಚಿ ಇಕ್ಕಾ" ಎಂದು ಸಕಾಲಕ್ಕೆ ಸಮಾಧಾನ ಹೇಳಿ ಮುಂದಿನವರನ್ನು ಕರೆದರು.

ಮುಗಿಸಿ ಏಳುವಾಗ, ಮಂಚದ ಕೆಳಗೆ ಗುಡಿಸುತ್ತಿದ್ದ ಹೆಂಡತಿ ಕೇಳಿದರು: "ಈ ಡಬ್ಬ ಯಾಕೆ ಹೀಗೆ ಬಿಸಿಯಾಗಿದೆ?"

ಅದು ಎಣ್ಣೆ ತುಂಬಿದ ಹಳೇ ಪೇಂಟ್ ಡಬ್ಬ. ದನಿಯನ್ನು ಗಾಳಿಗೆ ಬಿಡದೆ ರೇಡಿಯೊ ಪರೀಕ್ಷಿಸುವಾಗ ಆಂಟೆನಾದ ಬದಲು ನಿಂತು ಶಕ್ತಿಯನ್ನೆಲ್ಲ ನುಂಗಿ ಬಿಸಿಯಾಗುವುದೇ ಅದರ ಕೆಲಸ. ಹೊರಗೇನೂ ಹೋಗದು, ಒಳಗೇನೂ ಬಾರದು. ಸ್ವಿಚ್ಚಿನ ಮೂರನೇ ಮನೆ ಅದರದು. ಇಟ್ಟೂಪ್ ಸ್ವಿಚ್ಚನ್ನು ನೋಡಿದರು. ಅದು ಮೂರರಲ್ಲಿ ನಿಂತಿತ್ತು.

ಭಾನುವಾರ ತೃಶ್ಶೂರಿನ ಹೋಟೆಲಿನ ಮಾಳಿಗೆಯಲ್ಲಿ ಬೇಳೆಯ ಪರಿಪ್ಪುವಡೆ, ಹಾಲಿಲ್ಲದ ಕಟ್ಟನ್ ಚಾಯ್ ನಡುವೆ ಸಭೆ. ಪುಸ್ತಕ ಹೋಯಿತು ಎಂದುಕೊಂಡೇ ಇಟ್ಟೂಪ್ ಮೂಲೆಯಲ್ಲಿ ಕೂತಿದ್ದರು. ಬೀರಾನ್ ಇಕ್ಕ ಎದ್ದರು. "ಬುಧವಾರದ ಆಂಟೆನಾ ಇದೆಯಲ್ಲ ಇಟ್ಟೂಪೇ, ಅದನ್ನೇ ಕಂಬಕ್ಕೇರಿಸು. ಪಕ್ಕದಲ್ಲಿ ಕೂತು ಮಾತಾಡಿದ ಹಾಗಿತ್ತು. ಐದು-ಒಂಬತ್ತು." ಉಳಿದವರೂ ತಲೆಯಾಡಿಸಿದರು. ಇಬ್ಬರು ಅದರ ಉದ್ದಳತೆ ಬರೆದುಕೊಳ್ಳಲು ಪೆನ್ನು ತೆಗೆದರು. ಮಾಷ್ ತಮ್ಮ ದಿನಚರಿಯನ್ನು ಬಿಡಿಸಿದರು. ಬುಧವಾರದ ಎದುರು ಅವರ ಕೈಬರಹದಲ್ಲೇ ಐದು-ಒಂಬತ್ತು. ಬರೆದದ್ದನ್ನು ಅಲ್ಲಗಳೆಯುವಂತಿಲ್ಲ.

"ಸರಿ, ಪುಸ್ತಕ ಇಟ್ಟೂಪನ ಹತ್ರವೇ ಇರ್ಲಿ" ಎಂದರು ಇಕ್ಕ.

ಮಾಷ್ ಕೊನೆಯದಾಗಿ ಒಂದು ಕಲ್ಲೆಸೆದು ನೋಡಿದರು. "ಹಾಜರಿ ಕರೆಯೋಕೆ ಬಾಯಿ ಒಂದಿದ್ರೆ ಸಾಲದು, ಕಿವೀನೂ ಬೇಕು. ಚೇಟಾ, ಬುಧವಾರ ನಾವು ನಿಮಗೆ ಹೇಗೆ ಕೇಳಿಸಿದ್ವಿ?"

ಎಲ್ಲರೂ ಇಟ್ಟೂಪ್ ಕಡೆ ತಿರುಗಿದರು. ಎರಡು ಅಂಕೆ ಹೇಳಿದ್ದರೆ ಮುಗಿಯುತ್ತಿತ್ತು. ಇಟ್ಟೂಪ್ ವಡೆಯನ್ನು ತಟ್ಟೆಗಿಟ್ಟು ಕೈ ಒರೆಸಿಕೊಂಡರು.

"ಒಬ್ಬರೂ ಕೇಳಿಸ್ಲಿಲ್ಲ ಮಾಷೇ. ಎಲ್ಲರಿಗೂ ಐದು-ಒಂಬತ್ತು ಬರ್ಕೊಂಡೆ."